ಹೊಂಗೆ: ಬದುವಿನಿಂದ ಬೀದಿಗೆ

ಹೊಂಗೆ (ಪೊಂಗೇಮಿಯ ಪಿನ್ನೇಟ) ದ್ವಿದಳ ಧಾನ್ಯಗಳ ಕುಟುಂಬದ ಮರ. ಮರಾಠಿಯಲ್ಲಿ ಕರಂಜ, ಇಂಗ್ಲಿಷಿನಲ್ಲಿ ಇಂಡಿಯನ್ ಬೀಚ್. ಯುರೋಪಿನ ಬೀಚ್ ಮರಕ್ಕೂ ಇದಕ್ಕೂ ನಂಟಿಲ್ಲ. ಪುಣೆಯ ವಾಕಡದ ಪಕ್ಕದಲ್ಲೇ ಹಾದುಹೋಗುವ ಮುಂಬೈ–ಬೆಂಗಳೂರು ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಬಂದರೆ ಕರಂಜವೇ ಹೊಂಗೆಯಾಗಿ ಎದುರಾಗುತ್ತದೆ.

ಆಯುರ್ವೇದ ಇದನ್ನು ನಕ್ತಮಾಲ ಎಂಬ ಹೆಸರಿನಲ್ಲಿ ಬಲ್ಲದು. 1686ರಲ್ಲಿ ಹೊರಬಂದ ‘ಹೊರ್ಟಸ್ ಮಲಬಾರಿಕಸ್’ನ ಆರನೇ ಸಂಪುಟದಲ್ಲಿ ಮರದ ವಿವರ, ಚಿತ್ರ ಎರಡೂ ಇವೆ. 1753ರಲ್ಲಿ ಲಿನೇಯಸ್ ಇದಕ್ಕೆ ವೈಜ್ಞಾನಿಕ ಹೆಸರಿಟ್ಟ.

ಮೈಸೂರು ಸೀಮೆಯ ರೈತನಿಗೆ ಹೊಂಗೆ ಬದುವಿನ ಮರ. ಸೊಪ್ಪು ತರಿದು ಗದ್ದೆಯ ಕೆಸರಿಗೆ ತುಳಿದರೆ ಹಸಿರೆಲೆ ಗೊಬ್ಬರ. ಬೀಜ ಗಾಣಕ್ಕೆ ಹೋದರೆ ದೀಪಕ್ಕೆ ಎಣ್ಣೆ. ಉಳಿದ ಹಿಂಡಿಯನ್ನು ದನಕ್ಕೆ ಹಾಕುವಂತಿಲ್ಲ, ಕಹಿ. ಅದು ತೋಟದ ಬುಡಕ್ಕೆ ಸೇರಿ ಗೊಬ್ಬರವಾಗುತ್ತಿತ್ತು, ಗೆದ್ದಲನ್ನೂ ದೂರವಿಡುತ್ತಿತ್ತು.

ಸೀಮೆಎಣ್ಣೆ ಬಂದ ಮೇಲೆ ಹೊಂಗೆ ದೀಪ ಆರಿತು. ಮತ್ತೆ ಅದರತ್ತ ಕಣ್ಣು ಹಾಯಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ. 1990ರ ದಶಕದ ಕೊನೆಯ ಹೊತ್ತಿಗೆ ಅವರು ಹೊಂಗೆ ಎಣ್ಣೆಯಿಂದಲೇ ಡೀಸೆಲ್ ಜನರೇಟರ್ ಓಡಿಸಿ ಹಳ್ಳಿಯಲ್ಲಿ ನೀರೆತ್ತುವುದನ್ನು ಮಾಡಿ ತೋರಿಸಿದರು. ಮುಂದೆ ಹಾಸನದ ಬಳಿಯ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ತಲೆಯೆತ್ತಿತು. 2009ರಲ್ಲಿ ಕರ್ನಾಟಕ ತನ್ನದೇ ಜೈವಿಕ ಇಂಧನ ನೀತಿ ತಂದಿತು. ಬೀಜದ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಎಣ್ಣೆ ಇರುವುದೇ ಈ ಆಸಕ್ತಿಗೆ ಕಾರಣ.

ಬೆಳೆಸುವ ಕ್ರಮ ಸರಳ. ಬೇಸಿಗೆಯಲ್ಲಿ ಬಲಿತ ಕಾಯಿ ಆಯ್ದು, ಸುಲಿದು, ಒಳಗಿನ ಚಪ್ಪಟೆ ಕಂದು ಬೀಜವನ್ನು ಹಳತಾಗುವ ಮೊದಲೇ ಪಾಲಿಥೀನ್ ಚೀಲದ ಮಣ್ಣಿಗೆ ಊರಬೇಕು. ಎರಡು ಮೂರು ವಾರದಲ್ಲಿ ಮೊಳಕೆ. ಸಸಿಯನ್ನು ಮುಂಗಾರಿನ ಆರಂಭದಲ್ಲಿ ನೆಟ್ಟರೆ ಬೇರು ಬೇಗ ಹಿಡಿಯುತ್ತದೆ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದಿಡುವುದರಿಂದ ಬಡ ನೆಲದಲ್ಲೂ ಮರ ಏಳುತ್ತದೆ. ನಾಲ್ಕರಿಂದ ಏಳು ವರ್ಷಕ್ಕೆ ಕಾಯಿ. ಎಲೆಯ ಮೇಲೆ ಸಾಸಿವೆ ಕಾಳಿನಂಥ ಗಂಟು ಕಂಡು ಗಾಬರಿಯಾಗಬೇಕಿಲ್ಲ: ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಕೆಲಸ, ಬೆಳೆದ ಮರ ಅದರಿಂದ ಸಾಯುವುದಿಲ್ಲ.

ನಗರದ ಹೊಂಗೆಗೆ ಕುತ್ತು ಬರುವುದು ಕಾಂಕ್ರೀಟಿನಿಂದ. ಬುಡದವರೆಗೂ ಹಾಸುಗಲ್ಲು ಜೋಡಿಸಿದರೆ ಮಳೆನೀರು ಬೇರಿಗೆ ಇಳಿಯದು. ಮಹಾರಾಷ್ಟ್ರದ ನಗರಗಳಲ್ಲಿ 1975ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. ಬುಡ ಕಟ್ಟಿ ಉಸಿರುಗಟ್ಟಿಸಿದರೂ ಮರಕ್ಕೆ ಆಗುವ ಹಾನಿ ಕಡಿಮೆಯದಲ್ಲ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಲು ಆದೇಶಿಸಿತು. ವಾಕಡದ ವಸತಿ ಸಂಕೀರ್ಣಗಳೂ ಬೆಂಗಳೂರಿನ ಬಡಾವಣೆಗಳೂ ತಮ್ಮ ಹೊಂಗೆಗಳಿಗೆ ಅಷ್ಟು ಮಣ್ಣನ್ನಾದರೂ ಬಿಟ್ಟುಕೊಡಬೇಕು.