ರಕ್ತದೊತ್ತಡವುಳ್ಳವರ ಮನೆಯ ಆರೈಕೆ: ಎರಡು ರಾಜ್ಯಗಳ ಚೀಟಿ, ಒಂದು ಪುಸ್ತಕ

ಹೃದಯವು ಸಂಕುಚಿಸಿ ರಕ್ತವನ್ನು ಹೊರದೂಡುವಾಗ ಅಪಧಮನಿಗಳ ಗೋಡೆಯ ಮೇಲೆ ಬೀಳುವ ಒತ್ತಡವನ್ನು ಮೇಲಿನ ಅಂಕಿಯೂ, ಅದು ಸಡಿಲಗೊಂಡು ಮರಳಿ ತುಂಬಿಕೊಳ್ಳುವಾಗ ಉಳಿಯುವ ಒತ್ತಡವನ್ನು ಕೆಳಗಿನ ಅಂಕಿಯೂ ಸೂಚಿಸುತ್ತವೆ. ಬೇರೆ ಬೇರೆ ದಿನಗಳಲ್ಲಿ ಆಸ್ಪತ್ರೆಯಲ್ಲಿ ಅಳೆದಾಗ ಮೇಲಿನದು 140 ಅಥವಾ ಕೆಳಗಿನದು 90ರಷ್ಟು, ಇಲ್ಲವೇ ಅದಕ್ಕೂ ಹೆಚ್ಚು ಇದ್ದರೆ ಅದನ್ನು ಅಧಿಕ ರಕ್ತದೊತ್ತಡವೆಂದು ನಮ್ಮ ದೇಶದ ವೈದ್ಯರು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಮನೆಯಲ್ಲಿ ಅಳೆದಾಗ ಈ ಗೆರೆ 135/85. ಈ ವ್ಯಾಧಿಗೆ ಸಾಮಾನ್ಯವಾಗಿ ನೋವಿಲ್ಲ, ಜ್ವರವಿಲ್ಲ. ಮಿದುಳು, ಹೃದಯ, ಮೂತ್ರಪಿಂಡ, ಕಣ್ಣುಗಳನ್ನು ವರ್ಷಗಟ್ಟಲೆ ಸದ್ದಿಲ್ಲದೆ ಕೆಡಿಸುತ್ತದೆ. ಆದಕಾರಣ ರೋಗಿಯ ಮೈಯ ಅನುಭವವನ್ನು ನಂಬದೆ ಅಂಕಿಯನ್ನು ನಂಬುವುದೇ ಇದರ ಶುಶ್ರೂಷೆಯ ಮೊದಲ ಪಾಠ.

ಆದರೆ ಅಂಕಿಯೂ ಸುಲಭವಾಗಿ ತಪ್ಪುತ್ತದೆ. ಬಸ್ಸಿಳಿದು ನಡೆದು ಬಂದವರನ್ನು ಕೂಡಲೇ ಕೂರಿಸಿ ಅಳೆದರೆ ಹೆಚ್ಚು ತೋರಿಸುತ್ತದೆ. ಅಳೆಯುವ ಅರ್ಧ ಗಂಟೆ ಮೊದಲಿನಿಂದ ಚಹಾ, ಕಾಫಿ, ಬೀಡಿ, ಹೊಗೆಸೊಪ್ಪು ಬೇಡ. ಮೂತ್ರ ವಿಸರ್ಜಿಸಿ ಬಂದು, ಬೆನ್ನಿಗೆ ಆಧಾರವಿರುವ ಕುರ್ಚಿಯಲ್ಲಿ ಕಾಲು ನೆಲಕ್ಕೆ ಊರಿ ಐದು ನಿಮಿಷ ಸುಮ್ಮನೆ ಕೂರಬೇಕು. ಕಾಲ ಮೇಲೆ ಕಾಲು ಹಾಕಬಾರದು. ತೋಳು ಮೇಜಿನ ಮೇಲೆ ಹೃದಯದ ಮಟ್ಟದಲ್ಲಿರಲಿ. ಪಟ್ಟಿಯನ್ನು ಅಂಗಿಯ ತೋಳಿನ ಮೇಲೆ ಸುತ್ತದೆ ಬರಿಯ ಮೈಗೆ ಸುತ್ತಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಒತ್ತಡವನ್ನೂ ಅದು ತೋರಿಸೀತು. ಅಳೆಯುವಾಗ ಮಾತು ಬೇಡ. ನಮ್ಮ ಮನೆಗಳಲ್ಲಿ ಪಾಲಿಸಲು ಅತಿ ಕಷ್ಟವಾದ ನಿಯಮ ಇದೇ ಇರಬೇಕು! ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು ಎರಡನ್ನೂ ಬರೆದಿಡಬೇಕು. ಮೊದಲ ಸಲ ಎರಡೂ ತೋಳುಗಳಲ್ಲಿ ನೋಡಿ, ಹೆಚ್ಚು ಬಂದ ತೋಳಿನಲ್ಲಿಯೇ ಮುಂದುವರಿಯುವುದು ರೂಢಿ. ಯಂತ್ರ ಕೊಳ್ಳುವವರಿಗೆ ಮಣಿಕಟ್ಟಿನದಕ್ಕಿಂತ ಮೇಲ್ದೋಳಿನದೇ ಲೇಸು.

ಇನ್ನು ಗಡಿನಾಡಿನ ಮನೆಗಳಿಗೇ ವಿಶೇಷವಾದ ತೊಡಕಿಗೆ ಬರೋಣ. ಕಾಸರಗೋಡಿನವರು ಮಂಗಳೂರಿಗೆ, ತಾಳವಾಡಿಯವರು ಚಾಮರಾಜನಗರಕ್ಕೆ, ಜತ್ತಿನವರು ವಿಜಯಪುರಕ್ಕೆ, ರಾಯದುರ್ಗದವರು ಬಳ್ಳಾರಿಗೆ ಹೋಗಿ ವೈದ್ಯರನ್ನು ಕಾಣುವುದುಂಟು. ಅತ್ತ ಊರಿನ ಆರೋಗ್ಯ ಕೇಂದ್ರದಲ್ಲೂ ಹೆಸರು ದಾಖಲಾಗಿರುತ್ತದೆ. ಅಲ್ಲಿಂದ ತಿಂಗಳ ಮಾತ್ರೆ ಬರುತ್ತದೆ. ಅಲ್ಲಿನ ಸೂಚನೆ ಮಲೆಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಇದ್ದು, ಕನ್ನಡವನ್ನಷ್ಟೇ ಓದಬಲ್ಲ ಅಜ್ಜಿಗೆ ಅದು ಬರಿಯ ಕಾಗದ. ಆಸ್ಪತ್ರೆಯ ಮಾತ್ರೆಗೆ ಒಂದು ಹೆಸರು, ಪೇಟೆಯ ಮಾತ್ರೆಗೆ ಇನ್ನೊಂದು. ಬಣ್ಣ ಬೇರೆ, ಹಾಳೆ ಬೇರೆ. ಒಳಗಿರುವ ಔಷಧ ಮಾತ್ರ ಒಂದೇ. ಉದಾಹರಣೆಗೆ, ಒಂದು ಕಡೆ ಅಮ್ಲೊಡಿಪಿನ್ 5 ಮಿಲಿಗ್ರಾಂ ಕೊಟ್ಟಿರುತ್ತಾರೆ. ಇನ್ನೊಂದು ಕಡೆ ಟೆಲ್ಮಿಸಾರ್ಟನ್ 40 ಮತ್ತು ಅಮ್ಲೊಡಿಪಿನ್ 5 ಕೂಡಿದ ಒಂದೇ ಮಾತ್ರೆ ಬರೆದಿರುತ್ತಾರೆ. ಎರಡನ್ನೂ ನುಂಗಿದವರಿಗೆ ಅಮ್ಲೊಡಿಪಿನ್ ದಿನಕ್ಕೆ 10 ಮಿಲಿಗ್ರಾಂ ಆಗಿಬಿಡುತ್ತದೆ. ಪಾದ ಊದುತ್ತದೆ, ತಲೆ ತಿರುಗುತ್ತದೆ. ಆ ಊತಕ್ಕೆಂದು ಮೂರನೆಯ ವೈದ್ಯರು ನಾಲ್ಕನೆಯ ಮಾತ್ರೆ ಬರೆಯುವುದೂ ಉಂಟು.

ಇದಕ್ಕೆ ಮದ್ದು ಒಂದು ನೋಟ್‌ಪುಸ್ತಕ. ಮಾತ್ರೆಯ ಹಾಳೆಯ ಮೇಲೆ ಕಂಪನಿಯ ಹೆಸರಿನ ಜತೆಗೆ ಔಷಧದ ಮೂಲ ಹೆಸರೂ ಮಿಲಿಗ್ರಾಂ ಪ್ರಮಾಣವೂ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತವೆ. ಕನ್ನಡ ಮಾಧ್ಯಮದಲ್ಲಿ ಓದುವ ಎಂಟನೆಯ ತರಗತಿಯ ಮೊಮ್ಮಗಳು ಆ ಅಕ್ಷರಗಳನ್ನು ಕೂಡಿಸಿ ಓದಬಲ್ಲಳು. ಪುಸ್ತಕದ ಮೊದಲ ಪುಟದಲ್ಲಿ ಮೂಲ ಹೆಸರನ್ನು ಇಂಗ್ಲಿಷಿನಲ್ಲಿಯೂ ಕನ್ನಡದಲ್ಲಿಯೂ ಬರೆದು, ಎದುರಿಗೆ ಪ್ರಮಾಣ, ಹೊತ್ತು ಹಾಗೂ ಯಾವ ಆಸ್ಪತ್ರೆಯದೆಂಬುದನ್ನು ಬರೆಯಲಿ. ಒಂದೇ ಮೂಲ ಹೆಸರು ಎರಡು ಸಲ ಕಂಡರೆ ಮನೆಯಲ್ಲಿಯೇ ತೀರ್ಮಾನಿಸಿ ಒಂದನ್ನು ಬಿಡುವುದು ಬೇಡ; ಎರಡೂ ಹಾಳೆಗಳನ್ನು ಹಿಡಿದು ಅಂದೇ ವೈದ್ಯರನ್ನೋ ಶುಶ್ರೂಷಕಿಯರನ್ನೋ ಕೇಳಬೇಕು. ಮುಂದಿನ ಪುಟಗಳಲ್ಲಿ ದಿನಾಂಕ, ಹೊತ್ತು, ಎರಡು ಅಂಕಿ, ನಾಡಿಯ ಎಣಿಕೆ. ಅಂಕಿಗಳಿಗೆ ಭಾಷೆಯ ಗಡಿಯಿಲ್ಲ. ಮಲೆಯಾಳದ ವೈದ್ಯರೂ ಮರಾಠಿಯ ಶುಶ್ರೂಷಕಿಯೂ ಒಂದೇ ನೋಟಕ್ಕೆ ಗ್ರಹಿಸುತ್ತಾರೆ.

ದೊಡ್ಡ ಆಸ್ಪತ್ರೆಗೆ ಗಡಿ ದಾಟಿ ಹೋಗುವವರೂ ಊರಿನ ಆರೋಗ್ಯ ಕೇಂದ್ರದ ದಾಖಲೆಯನ್ನು ಕೈಬಿಡಬಾರದೆಂಬುದು ನಮ್ಮ ಅಭಿಪ್ರಾಯ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡು ಯಾರೂ ಮರೆಯುವಂಥದ್ದಲ್ಲ. ಊರಿನ ಸೌಲಭ್ಯಗಳೂ ಮೊದಲಿನಂತಿಲ್ಲ. ರಕ್ತದೊತ್ತಡ ನಿಯಂತ್ರಣಕ್ಕೆಂದು 2017ರಲ್ಲಿ ಆರಂಭವಾದ ರಾಷ್ಟ್ರೀಯ ಉಪಕ್ರಮದ ಮೊದಲ ಐದು ರಾಜ್ಯಗಳಲ್ಲಿ ಕೇರಳ, ಮಹಾರಾಷ್ಟ್ರ, ತೆಲಂಗಾಣಗಳು ಸೇರಿದ್ದವು. ಕೆಲವೇ ನಿಗದಿತ ಔಷಧಗಳನ್ನು ತಪ್ಪದೆ ಒದಗಿಸುವುದು, ಬಾರದವರನ್ನು ಹುಡುಕಿ ಕರೆಯುವುದು ಅದರ ಕ್ರಮ. ತಮಿಳುನಾಡಿನಲ್ಲಿ 2021ರ ಆಗಸ್ಟ್ 5ರಂದು 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಗೆ ಚಾಲನೆ ದೊರೆತದ್ದು ಹೊಸೂರು ಇರುವ ಕೃಷ್ಣಗಿರಿ ಜಿಲ್ಲೆಯಲ್ಲಿಯೇ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತ್ರೆಗಳನ್ನು ಅದರ ಕಾರ್ಯಕರ್ತೆಯರು ಮನೆ ಬಾಗಿಲಿಗೇ ತರುತ್ತಾರೆ.

ಅಂಕಿ ಇಳಿದ ಕೂಡಲೇ "ಗುಣವಾಯಿತು" ಎಂದು ಮಾತ್ರೆ ನಿಲ್ಲಿಸುವುದು ಎಲ್ಲ ಊರುಗಳಲ್ಲೂ ಕಾಣುವ ಪ್ರಮಾದ. ಮಾತ್ರೆಯಿಂದಲೇ ಅಂಕಿ ಇಳಿದಿದೆ. ಅಟೆನೊಲಾಲ್, ಮೆಟೊಪ್ರೊಲಾಲ್‌ಗಳಂಥವನ್ನು ಥಟ್ಟನೆ ಬಿಟ್ಟರೆ ಹೃದಯಕ್ಕೇ ಅಪಾಯ. ಒಂದು ದಿನ ಮರೆತರೆ ಮರುದಿನ ಎರಡನ್ನು ಒಟ್ಟಿಗೆ ನುಂಗಬಾರದು. ಎನಾಲಪ್ರಿಲ್, ರಾಮಿಪ್ರಿಲ್‌ಗಳಿಂದ ಕೆಲವರಿಗೆ ಬಿಡದ ಒಣಕೆಮ್ಮು ಬರುತ್ತದೆ. ಅದಕ್ಕೆ ಕೆಮ್ಮಿನ ಸಿರಪ್ ಕುಡಿಸದೆ ವೈದ್ಯರಿಗೆ ತಿಳಿಸಿದರೆ ಔಷಧವನ್ನು ಬದಲಿಸುತ್ತಾರೆ. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳು ರಕ್ತದೊತ್ತಡವನ್ನು ಏರಿಸಿ ಮೂತ್ರಪಿಂಡಕ್ಕೂ ತೊಂದರೆ ಕೊಡಬಲ್ಲವು. ವಯಸ್ಸಾದವರು ಮಲಗಿದಲ್ಲಿಂದ ಒಮ್ಮೆಲೇ ಎದ್ದರೆ ಒತ್ತಡ ಕುಸಿದು ಬೀಳಬಹುದು. ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು ಏಳಲಿ. ವಾಂತಿಭೇದಿಯಾದ ದಿನ ಮಾತ್ರೆಗಳ ಬಗ್ಗೆ ಕೇಳಿಯೇ ಮುಂದುವರಿಯಬೇಕು. ಗರ್ಭಿಣಿಯರಿಗೆ ಎನಾಲಪ್ರಿಲ್, ರಾಮಿಪ್ರಿಲ್, ಟೆಲ್ಮಿಸಾರ್ಟನ್‌ಗಳು ಸಲ್ಲವು. ಗರ್ಭ ನಿಂತುದು ತಿಳಿದೊಡನೆ ವೈದ್ಯರಿಗೆ ಹೇಳಬೇಕು.

ಉಪ್ಪಿನ ವಿಷಯದಲ್ಲಿ ಉಪದೇಶಕ್ಕಿಂತ ಲೆಕ್ಕವೇ ಮೇಲು. ವಿಶ್ವ ಆರೋಗ್ಯ ಸಂಸ್ಥೆ ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎನ್ನುತ್ತದೆ. ನಾಲ್ವರ ಮನೆಗೆ ತಿಂಗಳಿಗೆ 600 ಗ್ರಾಂ. ಒಂದು ಕಿಲೋ ಪೊಟ್ಟಣ ತಿಂಗಳಲ್ಲಿ ಅಡುಗೆಗೇ ಮುಗಿದರೆ ತಲೆಗೆ 8 ಗ್ರಾಂ ದಾಟಿತು. ಇದರ ಮೇಲೆ ಕಾಸರಗೋಡಿನ ಉಪ್ಪು ಸೊಳೆ, ಒಣಮೀನು, ಸೊಲ್ಲಾಪುರದ ಶೇಂಗಾ ಚಟ್ನಿ, ರಾಯದುರ್ಗದ ಬಾಳಕ, ಎಲ್ಲೆಡೆಯ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ. ರೋಗಿಗೆ ಬೇರೆ ಪಾತ್ರೆಯಲ್ಲಿ ಸಪ್ಪೆ ಅಡುಗೆ ಮಾಡಿದರೆ ಅದು ಹೆಚ್ಚು ದಿನ ನಡೆಯುವುದಿಲ್ಲ. ಮನೆಮಂದಿಗೆಲ್ಲ ಸ್ವಲ್ಪ ಸ್ವಲ್ಪವಾಗಿ ಇಳಿಸಿದರೆ ನಾಲಿಗೆ ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುತ್ತದೆ. ಅಂಗಡಿಯ 'ಕಡಿಮೆ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ತೊಂದರೆಯುಳ್ಳವರೂ ಟೆಲ್ಮಿಸಾರ್ಟನ್, ಎನಾಲಪ್ರಿಲ್ ತೆಗೆದುಕೊಳ್ಳುವವರೂ ಕೇಳದೆ ಬಳಸಬಾರದು. ನಡಿಗೆ, ತೂಕ, ಮದ್ಯ, ತಂಬಾಕುಗಳ ಕುರಿತು ಎಲ್ಲರಿಗೂ ತಿಳಿದಿದೆ.

ಅಂಕಿ 180/120ನ್ನು ಮುಟ್ಟಿದರೆ ಗಾಬರಿಯಾಗದೆ ಐದು ನಿಮಿಷ ಕೂರಿಸಿ ಮತ್ತೆ ಅಳೆಯಬೇಕು. ಬೇರೆ ಲಕ್ಷಣಗಳಿಲ್ಲದಿದ್ದರೂ ಅಂಕಿ ಅಷ್ಟೇ ಇದ್ದರೆ ಅಂದೇ ವೈದ್ಯರನ್ನು ಕಾಣಬೇಕು. ಎದೆನೋವು, ಉಸಿರುಗಟ್ಟುವಿಕೆ, ತೀವ್ರ ತಲೆನೋವು, ದೃಷ್ಟಿ ಮಂಜಾಗುವುದು, ಗೊಂದಲದ ಮಾತು, ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ. ಗರ್ಭಿಣಿಗೆ ಇಪ್ಪತ್ತು ವಾರಗಳ ನಂತರ 140/90 ಕಂಡರೆ ಅಂದೇ ತಪಾಸಣೆ ಬೇಕು; ತಲೆನೋವು, ಕಣ್ಣುಮಂಜು, ಮೇಲ್ಹೊಟ್ಟೆಯ ನೋವು ಜತೆಗಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ನಾಲಿಗೆಯಡಿ ಮಾತ್ರೆಯಿಟ್ಟು ಒತ್ತಡವನ್ನು ದಿಢೀರನೆ ಇಳಿಸುವ ಹಳೆಯ ಪದ್ಧತಿ ಅಪಾಯಕರ. ಮಿದುಳಿಗೆ ರಕ್ತ ಸಾಲದೆ ಹೋದೀತು.

ಮುಖ ಒಂದು ಕಡೆಗೆ ಸೊಟ್ಟಗಾದರೆ, ಎತ್ತಿದ ಕೈ ಕೆಳಗೆ ಜಾರಿದರೆ, ಮಾತು ತೊದಲಿದರೆ ಅದನ್ನು ಲಕ್ವವೆಂದೇ ತಿಳಿಯಬೇಕು. ಬಾಯಿಗೆ ನೀರು, ಮಾತ್ರೆ ಏನನ್ನೂ ಹಾಕಬಾರದು. ರೋಗಿ ಕೊನೆಯದಾಗಿ ಸರಿಯಾಗಿದ್ದ ಹೊತ್ತನ್ನು ಆ ಪುಸ್ತಕದಲ್ಲಿಯೇ ಬರೆದುಕೊಳ್ಳಿ. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಅಲ್ಲಿಂದ ನಾಲ್ಕೂವರೆ ಗಂಟೆಯೊಳಗೆ ಮಾತ್ರ ಕೊಡಲಾಗುತ್ತದೆ, ಅದೂ ಮಿದುಳಿನ ಸಿ.ಟಿ. ಸ್ಕ್ಯಾನ್ ಆದ ಮೇಲೆ. ಹತ್ತಿರದ ಸ್ಕ್ಯಾನ್ ಯಂತ್ರ ಗಡಿಯ ಈಚೆಗಿದೆಯೋ ಆಚೆಗಿದೆಯೋ, ರಾತ್ರಿಯೂ ತೆರೆದಿರುತ್ತದೆಯೋ ಎಂಬುದನ್ನು ಈ ವಾರವೇ ವಿಚಾರಿಸಿ ಪುಸ್ತಕದ ಹೊದಿಕೆಯ ಒಳಬದಿಯಲ್ಲಿ ಬರೆದಿಡಿ.