ಯೂ ಮರದ ತೊಗಟೆ ಮತ್ತು ಸ್ತನ ಕ್ಯಾನ್ಸರ್: ಮೂವತ್ತೆರಡು ವರ್ಷ ಎಲ್ಲಿ ಹೋಯಿತು?

1962ರ ಆಗಸ್ಟ್‌ನಲ್ಲಿ ಅಮೆರಿಕದ ಕೃಷಿ ಇಲಾಖೆಯ ಸಸ್ಯಶಾಸ್ತ್ರಜ್ಞ ಆರ್ಥರ್ ಬಾರ್‌ಕ್ಲೇ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಪೆಸಿಫಿಕ್ ಯೂ ಮರದ ತೊಗಟೆ ಸಂಗ್ರಹಿಸಿದರು. ಆ ತೊಗಟೆಯಲ್ಲಿ ಸಿಕ್ಕ ಪ್ಯಾಕ್ಲಿಟ್ಯಾಕ್ಸೆಲ್ ಸ್ತನ ಕ್ಯಾನ್ಸರ್ ಚಿಕಿತ್ಸೆಗೆ ಅಲ್ಲಿನ ಔಷಧ ನಿಯಂತ್ರಕರ ಒಪ್ಪಿಗೆ ಪಡೆದದ್ದು 1994ರಲ್ಲಿ. ನಡುವಿನ 32 ವರ್ಷಗಳನ್ನು ಮುಂದಿಟ್ಟು, ಪರೀಕ್ಷೆಯ ಹೆಸರಿನಲ್ಲಿ ವಿಜ್ಞಾನ ರೋಗಿಗಳನ್ನು ಕಾಯಿಸುತ್ತದೆ ಎಂದು ದೂರುವುದು ಸುಲಭ. ಆದರೆ ಘಟನೆಗಳನ್ನು ವರ್ಷವಾರು ಜೋಡಿಸಿ ನೋಡಿದರೆ ಈ ದೂರು ನಿಲ್ಲುವುದಿಲ್ಲ. ಕಾಲ ಹೆಚ್ಚಾಗಿ ಕಳೆದದ್ದು ಪರೀಕ್ಷೆ ಮಾಡಿದ್ದರಿಂದಲ್ಲ, ಮಾಡದೆ ಬಿಟ್ಟದ್ದರಿಂದ.

ತೊಗಟೆಯ ಸಾರ ಜೀವಕೋಶಗಳನ್ನು ಕೊಲ್ಲುತ್ತದೆ ಎಂಬುದು 1964ರಲ್ಲೇ ಗೊತ್ತಾಗಿತ್ತು. ನಾರ್ತ್ ಕೆರೊಲಿನಾದ ರಿಸರ್ಚ್ ಟ್ರಯಾಂಗಲ್ ಸಂಸ್ಥೆಯಲ್ಲಿ ಮನ್ರೋ ವಾಲ್ ಹಾಗೂ ಮುಂಬೈ ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕಕ್ಕೆ ಹೋಗಿದ್ದ ಮನ್ಸುಖ್ ವಾನಿ ಆ ಸಾರವನ್ನು ಹಂತ ಹಂತವಾಗಿ ಶೋಧಿಸುತ್ತ ಹೋದರು. ಪ್ರತಿ ಹಂತದಲ್ಲೂ ಯಾವ ಭಾಗದಲ್ಲಿ ಕೊಲ್ಲುವ ಶಕ್ತಿ ಉಳಿದಿದೆ ಎಂದು ನೋಡಿ, ಅದನ್ನಷ್ಟೇ ಮುಂದಕ್ಕೆ ಒಯ್ಯುವ ಕ್ರಮ ಅವರದು. 12 ಕಿಲೋ ಒಣ ತೊಗಟೆ ಮತ್ತು ಕಾಂಡದಿಂದ ಕೊನೆಗೆ ಕೈಗೆ ಬಂದದ್ದು ಸುಮಾರು ಅರ್ಧ ಗ್ರಾಂ. ಅದರ ರಾಸಾಯನಿಕ ರಚನೆ 1971ರಲ್ಲಿ ಪ್ರಕಟವಾಯಿತು. ನಂತರದ ಆರು ವರ್ಷ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ವಸ್ತು ನೀರಿನಲ್ಲಿ ಕರಗದು, ಮರದಲ್ಲಿ ಸಿಗುವ ಪ್ರಮಾಣ ತೀರಾ ಕಡಿಮೆ. ಹಾಗಾಗಿ ಆಸಕ್ತಿ ವಹಿಸುವವರಿರಲಿಲ್ಲ. ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಇದನ್ನು ಮತ್ತೆ ಕೈಗೆತ್ತಿಕೊಂಡದ್ದು 1977ರಲ್ಲಿ, ಇಲಿಗಳ ಮೇಲಿನ ಹೊಸ ಪರೀಕ್ಷೆಯೊಂದರಲ್ಲಿ ಅದು ಚೆನ್ನಾಗಿ ಕೆಲಸ ಮಾಡಿದ ಮೇಲೆ. 1979ರಲ್ಲಿ ನ್ಯೂಯಾರ್ಕಿನ ಸೂಸನ್ ಹಾರ್ವಿಟ್ಜ್ ತಂಡ ಅದರ ಕಾರ್ಯವಿಧಾನವನ್ನು ತೋರಿಸಿಕೊಟ್ಟಿತು. ಕೋಶ ವಿಭಜನೆಗೆ ಬೇಕಾದ ಸೂಕ್ಷ್ಮನಾಳಿಕೆಗಳು ಕಟ್ಟಿಕೊಳ್ಳದಂತೆ ಇತರ ಸಸ್ಯವಿಷಗಳು ತಡೆದರೆ, ಇದು ಕಟ್ಟಿಕೊಂಡ ನಾಳಿಕೆಗಳು ಬಿಚ್ಚಿಕೊಳ್ಳದಂತೆ ಹಿಡಿದಿಡುತ್ತದೆ. ಮೂಲೆಗೆ ಸೇರಿದ್ದ ವಸ್ತುವಿಗೆ ಮರುಜೀವ ಬಂದದ್ದು ಈ ಎರಡು ಪರೀಕ್ಷೆಗಳಿಂದ.

ರೋಗಿಗಳಿಗೆ ಕೊಟ್ಟು ನೋಡಲು ಆರಂಭಿಸಿದ್ದು 1984ರಲ್ಲಿ. ಔಷಧವನ್ನು ಕರಗಿಸಲು ಬಳಸಿದ, ಹರಳೆಣ್ಣೆಯಿಂದ ತಯಾರಾದ ಕ್ರೆಮೊಫೋರ್‌ನಿಂದಾಗಿ ಕೆಲವರಿಗೆ ತೀವ್ರ ಅಲರ್ಜಿ ಕಾಣಿಸಿಕೊಂಡು, ಪ್ರಯೋಗಗಳೇ ನಿಂತುಹೋಗುವ ಸ್ಥಿತಿ ಬಂತು. ಮೊದಲೇ ಸ್ಟೆರಾಯ್ಡ್ ಮತ್ತು ಅಲರ್ಜಿ ನಿರೋಧಕ ಕೊಟ್ಟು, ಔಷಧವನ್ನು 24 ಗಂಟೆಗಳ ಕಾಲ ನಿಧಾನವಾಗಿ ಹನಿಸುವ ಕ್ರಮ ರೂಪುಗೊಂಡ ಮೇಲೆ ಕೆಲಸ ಮುಂದುವರಿಯಿತು. ಟೆಕ್ಸಾಸಿನ ಎಂ.ಡಿ. ಆಂಡರ್ಸನ್ ಕೇಂದ್ರದ ಫಲಿತಾಂಶ 1991ರಲ್ಲಿ ಬಂತು: ದೇಹದ ಬೇರೆಡೆಗೂ ಹರಡಿದ್ದ ಸ್ತನ ಕ್ಯಾನ್ಸರಿನ 25 ರೋಗಿಗಳಲ್ಲಿ 14 ಮಂದಿಯ ಗಡ್ಡೆಗಳು ಕುಗ್ಗಿದ್ದವು. ಅಲ್ಲಿಂದ ಒಪ್ಪಿಗೆಗೆ ಹಿಡಿದದ್ದು ಮೂರೇ ವರ್ಷ. ಅಷ್ಟರಲ್ಲಿ ಕೊರತೆಯಾದದ್ದು ತೊಗಟೆ. ಒಂದು ಕಿಲೋ ಔಷಧಕ್ಕೆ ಸುಮಾರು 10,000 ಕಿಲೋ ತೊಗಟೆ ಬೇಕು, ತೊಗಟೆ ಸುಲಿದ ಮರ ಉಳಿಯದು. ಯುರೋಪಿನ ಯೂ ಮರದ ಎಲೆಗಳಲ್ಲಿ ಸಿಗುವ ಹತ್ತಿರದ ಸಂಯುಕ್ತವೊಂದನ್ನು ಆಧರಿಸಿ ಫ್ರಾನ್ಸಿನ ಪಿಯೆರ್ ಪೊಟಿಯೆ, ಅಮೆರಿಕದ ರಾಬರ್ಟ್ ಹೋಲ್ಟನ್ ರೂಪಿಸಿದ ವಿಧಾನಗಳಿಂದ ಮರ ಕಡಿಯುವ ಅಗತ್ಯ ತಪ್ಪಿತು. ಎಲೆ ಮತ್ತೆ ಚಿಗುರುತ್ತದೆ.

ಅರ್ಧಕ್ಕಿಂತ ಹೆಚ್ಚು ರೋಗಿಗಳ ಗಡ್ಡೆ ಕುಗ್ಗಿದ ಮೇಲೆ ದೊಡ್ಡ ಹೋಲಿಕೆ ಪ್ರಯೋಗಗಳ ಹಂಗೇಕೆ ಎಂದು ಕೇಳಬಹುದು. 3,121 ಮಹಿಳೆಯರು ಪಾಲ್ಗೊಂಡ, 2003ರಲ್ಲಿ ಪ್ರಕಟವಾದ ಅಧ್ಯಯನವೇ ಇದಕ್ಕೆ ಉತ್ತರ. ಶಸ್ತ್ರಚಿಕಿತ್ಸೆಯ ನಂತರದ ರೂಢಿಯ ಕೀಮೋಥೆರಪಿಗೆ ಪ್ಯಾಕ್ಲಿಟ್ಯಾಕ್ಸೆಲ್ ಸೇರಿಸಿದಾಗ, ಐದು ವರ್ಷಗಳ ಕೊನೆಗೆ ಬದುಕಿದ್ದವರ ಪ್ರಮಾಣ ಶೇ. 77ರಿಂದ ಶೇ. 80ಕ್ಕೆ ಏರಿತ್ತು. ನೂರರಲ್ಲಿ ಮೂವರು ಎಂಬ ಈ ಅಂತರ ಯಾವ ವೈದ್ಯರ ವೈಯಕ್ತಿಕ ಅನುಭವಕ್ಕೂ ನಿಲುಕದು. ಆ ಮೂವರ ಜೀವ ಸಣ್ಣ ಸಂಗತಿಯಲ್ಲ. ಅದು ಕಣ್ಣಿಗೆ ಬೀಳಬೇಕಾದರೆ ಸಾವಿರಾರು ಮಂದಿಯನ್ನು ಎರಡು ಗುಂಪುಗಳಲ್ಲಿಟ್ಟು ವರ್ಷಗಟ್ಟಲೆ ಗಮನಿಸಲೇಬೇಕು.

ಪರಂಪರೆಯ ತಿಳಿವಳಿಕೆಯನ್ನು ಕಡೆಗಣಿಸಲಾಗಿದೆ ಎಂಬ ಇನ್ನೊಂದು ಆಕ್ಷೇಪದಲ್ಲಿ ಹುರುಳಿದೆ, ಆದರೆ ಅರ್ಧ ಮಾತ್ರ. ನಮ್ಮ ಹಿತ್ತಿಲಿನ ನಿತ್ಯಪುಷ್ಪ ಕೆನಡಾದ ಪ್ರಯೋಗಾಲಯ ತಲುಪಿದ್ದು ಸಕ್ಕರೆ ಕಾಯಿಲೆಗೆ ಜಮೈಕಾದಲ್ಲಿ ಅದರ ಎಲೆಯ ಕಷಾಯ ಕುಡಿಯುತ್ತಿದ್ದುದರಿಂದ. ರಕ್ತದ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು. ಆ ಜಾಡು ಹಿಡಿದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ 1958ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧವನ್ನು ಬೇರ್ಪಡಿಸಿದರು. ಪರಂಪರೆ ಗಿಡವನ್ನು ತೋರಿಸಿತು, ಗುಣವನ್ನು ಪತ್ತೆ ಹಚ್ಚಿದ್ದು ಪರೀಕ್ಷೆ. ಅರಿಶಿನದ ಕರ್ಕ್ಯುಮಿನ್ ಪಾಡು ಇದಕ್ಕೆ ತಿರುವುಮುರುವು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಸ್ತನ ಕ್ಯಾನ್ಸರ್ ಕೋಶಗಳನ್ನು ಅದು ಕೊಲ್ಲುತ್ತದೆ ಎಂಬ ವರದಿಗಳು ಲೆಕ್ಕವಿಲ್ಲದಷ್ಟಿವೆ. ಆದರೆ ನುಂಗಿದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಅತ್ಯಲ್ಪ, ಅದನ್ನು ಸ್ತನ ಕ್ಯಾನ್ಸರಿನ ಔಷಧವೆಂದು ಒಪ್ಪುವಂಥ ಪುರಾವೆ ರೋಗಿಗಳ ಪ್ರಯೋಗಗಳಿಂದ ಬಂದಿಲ್ಲ. ಹೀಗಿರುವಾಗ ಚಿಕಿತ್ಸೆ ಬಿಟ್ಟು ಅರಿಶಿನ ನೆಚ್ಚಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಅದು ರೋಗಿಗೆ ಬಗೆಯುವ ದ್ರೋಹ.

ಪರೀಕ್ಷೆಯಿಂದಲೇ ಮರುಜೀವ ಪಡೆದ ಸಸ್ಯವಸ್ತು ಇನ್ನೊಂದಿದೆ. ವಾಲ್ ಮತ್ತು ವಾನಿ 1966ರಲ್ಲಿ ಚೀನಾ ಮೂಲದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಎಂಬ ಮತ್ತೊಂದು ವಸ್ತುವನ್ನೂ ಬೇರ್ಪಡಿಸಿದ್ದರು. ಅದು ನಮ್ಮ ಪಶ್ಚಿಮಘಟ್ಟದ ನೊಥಾಪೊಡೈಟಿಸ್ ಮರದಲ್ಲೂ ಇದೆಯೆಂದು 1972ರಲ್ಲಿ ತಿಳಿಯಿತು. ಮೂತ್ರಕೋಶದಲ್ಲಿ ರಕ್ತಸ್ರಾವದಂಥ ತೊಂದರೆಗಳಿಂದಾಗಿ ಅದರ ಮೊದಲ ಪ್ರಯೋಗಗಳನ್ನು ಕೈಬಿಡಬೇಕಾಯಿತು. ಕೋಶದೊಳಗೆ ಅದು ಹಿಡಿಯುವ ಕಿಣ್ವ 1985ರಲ್ಲಿ ಗೊತ್ತಾದ ಮೇಲೆ ಸಂಶೋಧನೆ ಮತ್ತೆ ಚುರುಕಾಯಿತು. ಅದೇ ವಂಶದ ಅಣುವನ್ನು ಪ್ರತಿಕಾಯಕ್ಕೆ ಜೋಡಿಸಿ ಗಡ್ಡೆಯವರೆಗೆ ಒಯ್ಯುವ ಸ್ಯಾಸಿಟುಜುಮ್ಯಾಬ್ ಗೊವಿಟೆಕನ್‌ಗೆ 2020ರಲ್ಲಿ ಒಪ್ಪಿಗೆ ಸಿಕ್ಕಿತು. ಟ್ರಿಪಲ್ ನೆಗೆಟಿವ್ ಸ್ತನ ಕ್ಯಾನ್ಸರ್ ಹರಡಿ, ಹಿಂದಿನ ಚಿಕಿತ್ಸೆಗಳಿಗೆ ಬಗ್ಗದ ಮಹಿಳೆಯರಲ್ಲಿ ಬದುಕಿನ ಮಧ್ಯಮ ಅವಧಿಯನ್ನು ಅದು 6.7 ತಿಂಗಳಿಂದ 12.1 ತಿಂಗಳಿಗೆ ಹೆಚ್ಚಿಸಿತು.