ಸೇವೆಯ ಗಡಿ ಎಲ್ಲಿರಬೇಕು? ಶಿಕ್ಷಣ ಮತ್ತು ಸಂಶೋಧನೆಯ ತಂತ್ರಾಂಶಗಳಲ್ಲಿ ಸೇವಾಧಾರಿತ ವಿನ್ಯಾಸ: ಒಂದು ಮರುಪರಿಶೀಲನೆ

ಸ್ಕಾಟ್ ವಿಲ್ಸನ್, ಕೆರಿ ಬ್ಲಿಂಕೊ ಮತ್ತು ಡೇನಿಯಲ್ ರೆಹಕ್ 2004ರಲ್ಲಿ ಮಂಡಿಸಿದ ಪ್ರಬಂಧದ ತಿರುಳು ಇಷ್ಟು: ಬೋಧನೆ, ಮೌಲ್ಯಮಾಪನ, ಸಾಮಗ್ರಿ ಸಂಗ್ರಹ ಎಲ್ಲವನ್ನೂ ಒಂದೇ ದೊಡ್ಡ ತಂತ್ರಾಂಶದಲ್ಲಿ ತುಂಬುವ ಬದಲು ಒಂದೊಂದು ಕೆಲಸವನ್ನೂ ಪ್ರತ್ಯೇಕ ಸೇವೆಯಾಗಿ ಬಿಡಿಸಬೇಕು, ಆ ಸೇವೆಗಳು ಪರಸ್ಪರ ವ್ಯವಹರಿಸುವ ರೀತಿಯನ್ನು ಎಲ್ಲರೂ ಒಪ್ಪಿ ನಿಗದಿಪಡಿಸಬೇಕು. ಇದೇ ಚಿಂತನೆಯ ಮುಂದುವರಿಕೆಯಾಗಿ ಬ್ರಿಟನ್ನಿನ ಉನ್ನತ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಜಿಸ್ಕ್ ಮತ್ತು ಆಸ್ಟ್ರೇಲಿಯದ ಶಿಕ್ಷಣ ಇಲಾಖೆ 2005ರಲ್ಲಿ 'ಇ-ಫ್ರೇಮ್‌ವರ್ಕ್' ಯೋಜನೆಗೆ ಕೈಹಾಕಿದವು. ನ್ಯೂಜಿಲೆಂಡ್ ಮತ್ತು ನೆದರ್ಲೆಂಡ್ಸ್ ಬಳಿಕ ಸೇರಿಕೊಂಡವು. ಬಿಡಿ ಸೇವೆಗಳನ್ನು ಮರುಬಳಸುವುದು ಸುಲಭ. ಒಂದು ಭಾಗ ಹಳತಾದರೆ ಇಡೀ ವ್ಯವಸ್ಥೆಯನ್ನು ಕಿತ್ತು ಕಟ್ಟಬೇಕಿಲ್ಲ. ಒಂದೇ ಕಂಪನಿಗೆ ಜೋತುಬೀಳುವ ಅಗತ್ಯವೂ ಇಲ್ಲ. ಇಷ್ಟರ ಮಟ್ಟಿಗೆ ತಕರಾರಿಲ್ಲ.

ನನ್ನ ಭಿನ್ನಾಭಿಪ್ರಾಯ ಇರುವುದು ಮುಂದಿನ ಹೆಜ್ಜೆಯಲ್ಲಿ. ಕ್ಷೇತ್ರಕ್ಕೆ ಬೇಕಾದ ಸೇವೆಗಳನ್ನೆಲ್ಲ ಮೊದಲು ಗುರುತಿಸಿ, ವರ್ಗೀಕರಿಸಿ, ಪಟ್ಟಿ ಮಾಡಿದರೆ ಸಂಸ್ಥೆಗಳು ತಮಗೆ ಬೇಕಾದುದನ್ನು ಆಯ್ದು ಜೋಡಿಸಿಕೊಳ್ಳುತ್ತವೆ ಎಂಬ ಗ್ರಹಿಕೆ ಆ ಯೋಜನೆಯ ಬೆನ್ನಿಗಿತ್ತು. ಬಳಕೆಯಲ್ಲಿ ಉಳಿದುಬಂದ ಸೇವೆಗಳನ್ನು ನೋಡಿದರೆ ಬೇರೆಯೇ ನಿಯಮ ಕಾಣುತ್ತದೆ: ಎರಡು ಸಂಸ್ಥೆಗಳ ಹೊಣೆಗಾರಿಕೆ ಈಗಾಗಲೇ ಬೇರೆಬೇರೆಯಾಗಿರುವ ಕಡೆ, ಕೊಡುವವರ ಮೇಲೆ ಅತಿ ಕಡಿಮೆ ಹೊರೆ ಹೊರಿಸುವ ಒಪ್ಪಂದವೇ ಬೇರು ಬಿಡುತ್ತದೆ.

ಡಿಜಿಟಲ್ ಭಂಡಾರಗಳಿಂದ ದಾಖಲೆಗಳ ವಿವರವನ್ನು ಸಂಗ್ರಹಿಸುವ ಒಎಐ-ಪಿಎಂಎಚ್ ಪ್ರೊಟೊಕಾಲ್ ಇದಕ್ಕೆ ಸ್ಪಷ್ಟ ಸಾಕ್ಷ್ಯ. 1999ರ ಸಾಂಟಾ ಫೆ ಸಭೆಯಲ್ಲಿ ಇದರ ಬೀಜವಿದೆ. ಈಗಲೂ ಬಳಕೆಯಲ್ಲಿರುವ 2.0 ಆವೃತ್ತಿ ಬಂದದ್ದು 2002ರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದೇ 2002ರಲ್ಲಿ ತನ್ನ ಸಂಶೋಧನಾ ಲೇಖನಗಳ ಭಂಡಾರವನ್ನು ತೆರೆದದ್ದು ಸೌತಾಂಪ್ಟನ್ ವಿಶ್ವವಿದ್ಯಾಲಯದ ಇಪ್ರಿಂಟ್ಸ್ ತಂತ್ರಾಂಶದ ಮೇಲೆ. ಆ ತಂತ್ರಾಂಶದಲ್ಲಿ ಈ ಪ್ರೊಟೊಕಾಲ್ ಅಡಕವಾಗಿತ್ತು. ಪ್ರೊಟೊಕಾಲಿನಲ್ಲಿರುವುದು ಆರೇ ಆರು ವಿನಂತಿಗಳು. 'ಇಂಥ ದಿನಾಂಕದಿಂದೀಚೆಗೆ ಸೇರಿದ ದಾಖಲೆಗಳನ್ನು ಕೊಡು' ಎಂದು ಸಂಗ್ರಾಹಕ ಸರ್ವರ್ ಕೇಳುತ್ತದೆ. ಭಂಡಾರ ಒಂದು ಕಂತು ವಿವರ ಕಳಿಸಿ, ಮುಂದಿನ ಕಂತಿಗೆ ಒಂದು ಟೋಕನ್ ಕೊಡುತ್ತದೆ. ಪ್ರತಿ ದಾಖಲೆಯೂ ಕನಿಷ್ಠಪಕ್ಷ 15 ಅಂಶಗಳ ಸರಳ ಡಬ್ಲಿನ್ ಕೋರ್ ರೂಪದಲ್ಲಿ ದೊರೆಯಬೇಕು ಎಂಬುದು ವಿವರಗಳ ವಿಷಯದಲ್ಲಿ ಮುಖ್ಯ ಷರತ್ತು. ಆ 15ರಲ್ಲಿ ಯಾವುದೂ ಕಡ್ಡಾಯವಲ್ಲ.

ಈ ಸರಳತೆಗೆ ತೆರುವ ಬೆಲೆ ಸಣ್ಣದಲ್ಲ. ಡಿಸ್ಪೇಸ್ ತಂತ್ರಾಂಶದ ಭಂಡಾರವೊಂದು ಪಿಎಚ್.ಡಿ. ಪ್ರಬಂಧದ ವಿವರವನ್ನು ಹೀಗೆ ಕಳಿಸುವಾಗ ಅದು ಭಂಡಾರಕ್ಕೆ ಸೇರಿದ ದಿನ, ಓದುಗರಿಗೆ ತೆರೆದ ದಿನ, ಪ್ರಕಟವಾದ ದಿನ ಮೂರೂ 'ದಿನಾಂಕ' ಎಂಬ ಒಂದೇ ಹೆಸರಿನಲ್ಲಿ ಸಾಲಾಗಿ ಬರಬಹುದು. ಮಾರ್ಗದರ್ಶಕರ ಹೆಸರು 'ಸಹಯೋಗಿ' ಎಂಬ ಅಂಶದಡಿ ಸೇರಿದರೆ, ಅವರು ಮಾರ್ಗದರ್ಶಕರೋ ಸಂಪಾದಕರೋ ಎಂದು ಪಡೆದವರಿಗೆ ತಿಳಿಯದು. ಗ್ರಂಥಪಾಲಕರು ಇದನ್ನು ಪ್ರೊಟೊಕಾಲಿನ ದೋಷವೆಂದು ಎಣಿಸುವುದು ಸಹಜವೇ. ಆದರೆ ಹೊರೆ ಯಾರ ಮೇಲೆ ಬಿತ್ತು ಎಂಬುದನ್ನು ಗಮನಿಸಬೇಕು. ವಿವರಗಳನ್ನು ಶುದ್ಧಗೊಳಿಸುವ ಕೆಲಸ ಸಂಗ್ರಾಹಕರ ಪಾಲಿಗೆ ಬಂತು. ಅವರು ಕೆಲವರು, ತಾಂತ್ರಿಕ ಬಲವುಳ್ಳವರು, ಆ ಮಾಹಿತಿ ಬೇಕಾಗಿದ್ದವರು. ಕೊಡುವ ಸಂಸ್ಥೆಗಳು ಅಸಂಖ್ಯ. ಅವುಗಳಿಗೆ ಹೆಚ್ಚಿನ ಕೆಲಸ ಬೀಳಲಿಲ್ಲ. ಒಪ್ಪಂದದ ಬಡತನವೇ ಅದರ ಹರಡುವಿಕೆಗೆ ಕಾರಣವಾಯಿತೆಂದು ನಾನು ವಾದಿಸುತ್ತೇನೆ.

ಈ ವಾದಕ್ಕೆ ಮಿತಿಗಳಿವೆ. ಉಳಿದುಬಂದವನ್ನಷ್ಟೇ ನೋಡಿ ಉಳಿವಿನ ಕಾರಣ ಹೇಳುವುದರಲ್ಲಿ ಅಪಾಯವಿದೆ. ಅಷ್ಟೇ ಸರಳವಾಗಿದ್ದೂ ಮರೆಯಾದ ಒಪ್ಪಂದಗಳು ಇದ್ದಿರಬಹುದು. ಈ ಪ್ರೊಟೊಕಾಲ್ ಇ-ಫ್ರೇಮ್‌ವರ್ಕ್‌ಗಿಂತ ಹಳೆಯದಾದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಪೂರ್ತಿ ನ್ಯಾಯವಲ್ಲ. ಭಂಡಾರಕ್ಕೆ ಕೃತಿಯನ್ನು ಸೇರಿಸುವ ಒಂದೇ ಕೆಲಸಕ್ಕೆ ಮೀಸಲಾದ ಸ್ವೋರ್ಡ್ ಒಪ್ಪಂದ 2007ರಲ್ಲಿ ಮೂಡಿದ್ದು ಜಿಸ್ಕ್‌ನ ಧನಸಹಾಯದಿಂದಲೇ. ಆದ್ದರಿಂದ ಆ ಪರಿಸರ ಬಂಜರಾಗಿತ್ತು ಎನ್ನಲಾಗದು. ಆದರೂ ಸ್ವೋರ್ಡ್ ನನ್ನ ವಾದವನ್ನೇ ಬಲಪಡಿಸುತ್ತದೆ: ಅದರ ವ್ಯಾಪ್ತಿ ಕಿರಿದು, ಅದರ ಎರಡು ತುದಿಗಳ ಹೊಣೆಗಾರರು ಬೇರೆ. ಕಲಿಕಾ ತಾಣದಿಂದ ಹೊರಗಿನ ಸಾಧನವನ್ನು ತೆರೆಯಲು 2010ರಲ್ಲಿ ಬಂದ ಬೇಸಿಕ್ ಎಲ್‌ಟಿಐ ಕೂಡ ಇದೇ ಜಾತಿಯದು. ವಿದ್ಯಾರ್ಥಿಯ ಗುರುತು, ಪಾತ್ರ, ಕೋರ್ಸು ಇಂಥ ಕೆಲವೇ ವಿವರಗಳುಳ್ಳ, ಸಹಿ ಮಾಡಿದ ಒಂದು ಸಂದೇಶವೇ ಅದರ ತಿರುಳು.

ಇನ್ನೂ ಗಟ್ಟಿಯಾದ ಆಕ್ಷೇಪವನ್ನು ಒಡ್ಡುವುದು ನಮ್ಮದೇ ಶೋಧಗಂಗಾ. ಪಿಎಚ್.ಡಿ. ಪ್ರಬಂಧಗಳ ಎಲೆಕ್ಟ್ರಾನಿಕ್ ಪ್ರತಿಯನ್ನು ಯುಜಿಸಿಯ 2009ರ ನಿಯಮ ಕಡ್ಡಾಯಗೊಳಿಸಿತು. ಕರ್ನಾಟಕದವೂ ಸೇರಿ ದೇಶದ ವಿಶ್ವವಿದ್ಯಾಲಯಗಳು ಅವನ್ನು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಈ ಒಂದೇ ಭಂಡಾರಕ್ಕೆ ನೇರವಾಗಿ ಸೇರಿಸುತ್ತವೆ. ಸಂಗ್ರಹ ಬೆಳೆದದ್ದು ನಿಯಮ ಮತ್ತು ಕೇಂದ್ರೀಕರಣದ ಬಲದಿಂದ, ಚದುರಿದ ಸೇವೆಗಳ ಜೋಡಣೆಯಿಂದಲ್ಲ. ಸ್ವಂತ ಸರ್ವರ್ ನೋಡಿಕೊಳ್ಳುವ ಸಿಬ್ಬಂದಿ ಇಲ್ಲದ ಕಡೆ ಆರು ವಿನಂತಿಗಳ ಒಪ್ಪಂದವೂ ಭಾರವೇ. ಹಾಗಾಗಿ ನನ್ನ ಪ್ರಮೇಯವನ್ನು ಹೀಗೆ ತಿದ್ದಿ ಹೇಳುವುದು ಸರಿ: ಸೇವೆಯನ್ನು ನಡೆಸಬಲ್ಲ ಕನಿಷ್ಠ ಶಕ್ತಿ ಎರಡೂ ಕಡೆ ಇದ್ದಾಗ ಮಾತ್ರ ಒಪ್ಪಂದದ ಗಾತ್ರ ನಿರ್ಣಾಯಕ.

ಎರಡು ಪ್ರಶ್ನೆಗಳು ಉಳಿಯುತ್ತವೆ. ಒಂದೇ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗ, ಗ್ರಂಥಾಲಯ ಮತ್ತು ಪ್ರವೇಶಾತಿ ವಿಭಾಗಗಳ ನಡುವೆಯೂ ಈ ನಿಯಮ ಅನ್ವಯಿಸುತ್ತದೆಯೇ ಎಂಬುದಕ್ಕೆ ಇಲ್ಲಿನ ಸಾಕ್ಷ್ಯ ಸಾಲದು. ಇನ್ನೊಂದು ಕನ್ನಡದ್ದು. ಒಎಐ ಪ್ರೊಟೊಕಾಲ್ ಯುಟಿಎಫ್-8 ಸಂಕೇತವನ್ನು ಕಡ್ಡಾಯ ಮಾಡುತ್ತದೆ, ಆದರೆ ಶೀರ್ಷಿಕೆಯನ್ನು ಒಬ್ಬರು ಕನ್ನಡ ಲಿಪಿಯಲ್ಲಿ, ಇನ್ನೊಬ್ಬರು ರೋಮನ್ ಲಿಪಿಯಲ್ಲಿ ನಮೂದಿಸಿದರೆ ಒಪ್ಪಂದಕ್ಕೆ ಭಂಗವಿಲ್ಲ. ಹುಡುಕುವವರಿಗೆ ಮಾತ್ರ ಅರ್ಧ ಸಂಗ್ರಹ ಕಾಣದೇ ಹೋದೀತು. ಈ ಹೊರೆಯನ್ನೂ ಸಂಗ್ರಾಹಕರಿಗೇ ಬಿಡಬಹುದೇ, ಇಲ್ಲ ಒಪ್ಪಂದಕ್ಕೆ ಲಿಪಿಯ ಷರತ್ತೊಂದನ್ನು ಸೇರಿಸಬೇಕೇ? ಕನ್ನಡ ಪ್ರಬಂಧಗಳ ದಾಖಲೆಗಳನ್ನೇ ಎದುರಿಗಿಟ್ಟುಕೊಂಡು ನಡೆಸುವ ಅಧ್ಯಯನದಿಂದಷ್ಟೇ ಇದು ಇತ್ಯರ್ಥವಾಗಬೇಕು.